ದೀಪದ ಪದ್ಯದ ಹೆಂಗಸು

ಎಂಬತ್ತರ ದಶಕದ ನಡುವಿನ ಕೆಲವು ವರ್ಷ ನಾನು ಚಿಕ್ಕೋಡಿಯಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಬಾಡಿಗೆಯ ಕೋಣೆ, ಒಂದು ಸೈಕಲ್ಲು, ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ ಎರಡು ಹೊತ್ತಿನ ಊಟ. ಸುದ್ದಿ ಬರೆದು ಲಕೋಟೆಗೆ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ದಿನದ ಕೆಲಸ ಮುಗಿಯುತ್ತಿತ್ತು. ಆಮೇಲೆ ಊರು ತನ್ನಷ್ಟಕ್ಕೆ ತಾನು ಮನೆ ಸೇರುತ್ತಿತ್ತು. ನಾನು ಖಾನಾವಳಿ ಸೇರುತ್ತಿದ್ದೆ.

ಅಲ್ಲಿ ಉಣ್ಣುವವರೆಲ್ಲ ನನ್ನಂಥವರೇ. ವರ್ಗವಾಗಿ ಬಂದ ಮಾಸ್ತರರು, ಬ್ಯಾಂಕಿನ ಗುಮಾಸ್ತರು, ನೀರಾವರಿ ಇಲಾಖೆಯ ಒಬ್ಬ ಓವರ್‌ಸಿಯರ್. ಹೆಂಡತಿ ಮಕ್ಕಳು ಎಲ್ಲೋ ದೂರದ ಊರಲ್ಲಿ, ಇಲ್ಲವೇ ನನ್ನ ಹಾಗೆ ಯಾರೂ ಇಲ್ಲ. ಇವರಲ್ಲಿ ಹೆಚ್ಚಿನವರಿಗೆ ಒಂದು ಪದ್ಯ ಬಾಯಿಗೆ ಬರುತ್ತಿತ್ತು. ರಾಯಬಾಗದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಕವಿಯೊಬ್ಬರು ಬರೆದದ್ದು. ಎಲ್ಲರೂ ಅದನ್ನು ದೀಪದ ಪದ್ಯ ಎಂದೇ ಕರೆಯುತ್ತಿದ್ದರು. ಹೊತ್ತು ಮುಳುಗಿದೆ, ಹೆಂಗಸೊಬ್ಬಳು ದೀಪ ಹಚ್ಚಿ ಹೊಸ್ತಿಲ ಬಳಿ ಕೂತಿದ್ದಾಳೆ, ಒಳಗೆ ಎರಡು ತಾಟು, ಮುಚ್ಚಿಟ್ಟ ಅಡಿಗೆ, ಅವನು ಬರುವವರೆಗೆ ಅವಳು ಉಣ್ಣುವುದಿಲ್ಲ. ಪದ್ಯದಲ್ಲಿ ಇಷ್ಟೇ ಇತ್ತು. ಅವನು ಬಂದನೋ ಇಲ್ಲವೋ ಕವಿ ಹೇಳಿರಲಿಲ್ಲ.

ರೊಟ್ಟಿ ಬರುವುದು ತಡವಾದಾಗ ಓವರ್‌ಸಿಯರ್ ಆ ಪದ್ಯ ಶುರುಮಾಡುತ್ತಿದ್ದ. ಖಾನಾವಳಿಯ ಮಾಲಕ ಒಲೆಯ ಕಡೆಯಿಂದಲೇ ಕೂಗುತ್ತಿದ್ದ: "ಏ ಸಾಯಬ್ರ, ನಿಮಗ್ಯಾರೂ ದೀಪಾ ಹಚ್ಚಿ ಕುಂತಿಲ್ರಿ. ನಾ ಒಬ್ಬಾಂವ ಇದ್ದೀನಿ, ನಂದೂ ಕರೆಂಟ್ ಹೋಗೇತಿ."

ಎಲ್ಲರೂ ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಸುಮ್ಮನೆ ಉಣ್ಣುತ್ತಿದ್ದರು.

ಕವಿಯನ್ನು ನಾನು ಅಲ್ಲಿ ಇಲ್ಲಿ ಗೋಷ್ಠಿಗಳಲ್ಲಿ ಕಂಡಿದ್ದೆ. ಸಣ್ಣ ಮೈಕಟ್ಟು, ಬಿಳಿ ಶರಟು, ಮೆಲುದನಿ. ಅವರಿಗೆ ಅಥಣಿಯಲ್ಲಿ ಸತ್ಕಾರ ಮಾಡುವುದೆಂದು ಅಲ್ಲಿಯ ಗೆಳೆಯರು ಗೊತ್ತುಮಾಡಿದಾಗ, ಭಾನುವಾರದ ಪುರವಣಿಗೆ ಅವರ ಮೇಲೆ ಬರೆಯುವ ಕೆಲಸ ನನಗೆ ಬಂತು. ನಮ್ಮ ಸುದ್ದಿ ಸಂಪಾದಕರು ಫೋನಿನಲ್ಲಿ ಹೇಳಿದ್ದು ಕಡಿಮೆ: "ಹೆಂಡತಿಯನ್ನೂ ಮಾತಾಡಿಸು. ಒಂದೇ ಕಡೆ ಕೇಳಿ ಬರೀಬೇಡ." ಕಬ್ಬಿನ ದರದ ಜಗಳವಿರಲಿ, ಕವಿತೆಯಿರಲಿ, ಅವರ ನಿಯಮ ಬದಲಾಗುತ್ತಿರಲಿಲ್ಲ.

ಹೋಗುವ ಮೊದಲು ಅವರ ಎರಡೂ ಸಂಕಲನ ಓದಿದೆ. ವರದಿಗಾರನ ಚಟ, ಯಾರು ಏನು ಅಂದರು ಎಂದು ಗುರುತು ಹಾಕುತ್ತ ಓದುವುದು. ಹೆಂಗಸರು ಬಹಳ ಇದ್ದರು. ಅವ್ವ ಇದ್ದಳು, ದೇವಿಯ ಹಾಗೆ. ಕವಿ ಎಳೆಯ ಕೂಸಾಗಿದ್ದಾಗಲೇ ತಾಯಿ ತೀರಿದ್ದರೆಂದು ನನಗೆ ಗೊತ್ತಿತ್ತು. ತಂಬಾಕಿನ ಕೆಲಸಕ್ಕೆ ಹೋಗುವ ನಿಪ್ಪಾಣಿಯ ಹೆಂಗಸರಿದ್ದರು, ಕೃಷ್ಣೆಯ ದಂಡೆಯಲ್ಲಿ ಅರಿಬಿ ಒಗೆಯುವವರಿದ್ದರು. ಎಲ್ಲರಿಗೂ ಚೆಂದದ ಕೈಗಳು, ದಣಿದ ಕಾಲುಗಳು, ತುಂಬಿದ ಕಣ್ಣುಗಳು. ಬಾಯಿ ಬಿಟ್ಟು ಮಾತಾಡಿದ ಒಬ್ಬಾಕೆಯೂ ನನಗೆ ಸಿಗಲಿಲ್ಲ. ಇದನ್ನು ತಪ್ಪು ಎಂದು ನಾನು ಆಗ ಎಣಿಸಲಿಲ್ಲ. ಗುರುತು ಹಾಕಲು ಏನೂ ಸಿಗದಿದ್ದುದರಿಂದ ಗಮನಕ್ಕೆ ಬಂತು, ಅಷ್ಟೆ.

ರಾಯಬಾಗದ ಮನೆಯಲ್ಲಿ ಕವಿ ಒಬ್ಬರೇ ಇದ್ದರು. ಮಧ್ಯಾಹ್ನದ ಹೊತ್ತು. ಒಲೆ ತಣ್ಣಗಿತ್ತು, ಅಂಗಳ ಗುಡಿಸಿ ಬಹಳ ದಿನವಾದಂತಿತ್ತು. ಹೋಟೆಲಿನಿಂದ ಚಹಾ ತರಿಸಿದರು. ಪದ್ಯಗಳ ಬಗ್ಗೆ ಚೆನ್ನಾಗಿ ಮಾತಾಡಿದರು. "ವೈನಿ ಎಲ್ಲಿ ಸರ?" ಎಂದು ಕೇಳಿದೆ.

"ಉಗಾರಕ್ಕ ಹೋಗ್ಯಾಳ, ತವರಮನಿಗೆ. ಕಬ್ಬಿನ ಕಟಾವು ನಡದೈತಿ ಅಲ್ಲಿ."

"ಯಾವಾಗ ಬರತಾರ?"

ಅವರು ಚಹಾದ ಬಸಿ ಕೆಳಗಿಟ್ಟರು. ಕಿಟಕಿಯ ಹೊರಗೆ ನೋಡಿದರು. ಆಮೇಲೆ ಹೇಳಿದರು: "ಸಿಟ್ಟಾಗಿ ಹೋಗ್ಯಾಳರಿ. ದೀಪಾವಳಿ ಮುಂದ ಹೋದಾಕಿ ಬಂದಿಲ್ಲ. ನಾ ಎರಡ ಸಲ ಹೋಗಿ ಕರದೆ. ನೀವು ಹೆಂಗೂ ಮಾತಾಡಸಾಕ ಹೊಂಟೀರಿ. ಒಂದ ಮಾತ ಹೇಳ್ರಿ, ಅಥಣಿ ಸತ್ಕಾರಕ್ಕ ಬಂದು ನನ್ನ ಬಾಜೂಕ ಕುಂಡ್ರಬೇಕಂತ. ಜನರ ಮುಂದ ಕುಂತ್ಲಂದ್ರ ಮನಿಗೂ ಬಂದಾಳು."

"ಯಾಕ ಸಿಟ್ಟು?"

"ಆಕಿನ್ನ ಕೇಳ್ರಿ. ನನಗ ಪೂರಾ ತಿಳಿದಿಲ್ಲ," ಎಂದರು. ಅದು ಸುಳ್ಳಲ್ಲ ಎಂದು ನನಗೆ ಅನಿಸಿತು.

ಪ್ಯಾಸೆಂಜರ್ ಗಾಡಿಯಲ್ಲಿ ಉಗಾರ ಖುರ್ದಕ್ಕೆ ಹೋಗಿ, ಅಲ್ಲಿಂದ ಉಗಾರ ಬುದ್ರುಕಕ್ಕೆ ನಡೆದೆ. ಕಬ್ಬು ತುಂಬಿದ ಚಕ್ಕಡಿಗಳು ದಾರಿ ಬಿಡುತ್ತಿರಲಿಲ್ಲ. ಆಕೆಯ ಅಣ್ಣನದು ಒಕ್ಕಲುತನದ ಜೈನ ಮನೆ, ದೊಡ್ಡ ಪಡಸಾಲೆ. ಅಣ್ಣ ನಗುಮುಖದ ಮನುಷ್ಯ. ನಾನು ಯಾರೆಂದು ತಿಳಿದ ಕೂಡಲೇ ಒಳಗೆ ಕೂಗಿದ: "ಬಾ ಬೇ ಹೊರಗ. ಪೇಪರಿನವ್ರು ಬಂದಾರ. ನಿನ್ನ ಫೋಟೋ ಹಾಕತಾರಂತ, ದೀಪಾ ತುಗೊಂಡ ಬಾ."

"ಸುಮ್ನಿರೋ ಅಣ್ಣಾ," ಎನ್ನುತ್ತ ಆಕೆ ಬಂದರು. ನಾನು ಎಣಿಸಿದ್ದಕ್ಕಿಂತ ಎತ್ತರದ, ಗಟ್ಟಿ ದನಿಯ ಹೆಂಗಸು. ನೀರು ಕೊಟ್ಟು, ಗೋಡೆಗೆ ಒರಗಿ ಕೂತರು. ಅಥಣಿಯ ಸಂಗತಿ ಹೇಳಿದೆ. ಕೇಳಿಕೊಂಡರು. ಆಮೇಲೆ ನನ್ನನ್ನೇ ಕೇಳಿದರು:

"ನೀವು ಆ ಪದ್ಯಾ ಓದೀರೇನ್ರಿ ಅಣ್ಣಾರ?"

"ಓದೀನಿ. ಭಾಳ ಮಂದಿಗೆ ಬಾಯಿಪಾಠ ಐತಿ."

"ಅದರಾಗಿನ ಹೆಂಗಸು ಯಾರು ಅಂತ ತಿಳದೀರಿ?"

"ನೀವ ಅಂತ ಎಲ್ಲಾರೂ ಅಂತಾರ."

"ಹೌದು, ಎಲ್ಲಾರೂ ಅಂತಾರ." ಆಕೆ ನಕ್ಕರು, ಖುಷಿಯಿಂದಲ್ಲ. "ರಾಯಬಾಗದಾಗ ನಾ ಕಾಯಿಪಲ್ಯಾ ತರಾಕ ಹೋದ್ರ, 'ಏನವಾ, ದೀಪಾ ಹಚ್ಚಿ ಬಂದೇನ?' ಅಂತಾರ. ಮಾಸ್ತರ ಮನಿ ಹೆಂಗಸರು ಬಂದು, 'ನಮ್ಮವ್ರು ನಿಮ್ಮನ್ನ ನೋಡಿ ಕಲಿ ಅಂತಾರ್ರಿ, ನೀವು ಹೆಂಗ ಉಪಾಸ ಕುಂಡ್ರತೀರಿ?' ಅಂತ ಕೇಳತಾರ. ನಾ ಒಂದ ದಿನಾನೂ ಕುಂತಿಲ್ಲರಿ. ನಮ್ಮ ಜೈನರ ಮನ್ಯಾಗ ಹೊತ್ತ ಮುಳುಗೂದ್ರಾಗ ಊಟ ಮುಗೀತೈತಿ. ಆಮ್ಯಾಲ ಒಂದ ಅಗಳ ಬಾಯಾಗ ಹಾಕೂದಿಲ್ಲ. ಅವರು ಸಾಲಿ ಬಿಟ್ಟ ಮ್ಯಾಲ ಗೋಷ್ಠಿ, ಚಹಾ ಅಂಗಡಿ ಅಂತ ಕತ್ತಲಾದ ಮ್ಯಾಲ ಬರತಿದ್ರು. ನಾ ಹೊತ್ತಿಗೆ ಉಂಡು, ಅವರ ಪಾಲಿಂದು ಮುಚ್ಚಿ ಇಡತಿದ್ದೆ. ಅವರು ನೇಮ ಬಿಟ್ಟವರು. ಒಬ್ಬರ ಹಾಕ್ಕೊಂಡು ಉಣತಿದ್ರು. ಹಿಂಗ ಹನ್ನೆರಡ ವರ್ಷ ಬಾಳೆ ಆತು."

ಅಣ್ಣ ಮಧ್ಯೆ ಬಾಯಿ ಹಾಕಿದ: "ಹೊತ್ತಿಗೆ ಸರಿ ಮನಿಗೆ ಬಂದಿದ್ರ ಪದ್ಯಾನೂ ಇಲ್ಲ, ಜಗಳಾನೂ ಇಲ್ಲ."

"ಹಂಗಾರ ಆ ಹೆಂಗಸು ಯಾರು ವೈನಿ? ಬರೇ ಕಲ್ಪನಾ ಏನು?"

ಆಕೆ ಸೆರಗು ಸರಿಮಾಡಿಕೊಂಡು ಹೇಳಿದರು. ತಾಯಿ ಹೋದ ಮೇಲೆ ಕವಿಯನ್ನು ಸಾಕಿದವಳು ಅವರ ಅಕ್ಕ. ಕಾಗವಾಡದಲ್ಲಿ ಅವಳ ಗಂಡನ ಮನೆಯಲ್ಲೇ ಅವರು ಬೆಳೆದದ್ದು. ಅಕ್ಕನ ಗಂಡ ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ಬರುತ್ತೇನೆಂದು ಹೇಳಿ ಕಳಿಸುತ್ತಿದ್ದ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವನು ಬರುವನೆಂದ ದಿನ ಅಕ್ಕ ತಮ್ಮನಿಗೆ ಉಣಿಸಿ, ತಾನು ಉಣ್ಣದೆ ಕೂತಿರುತ್ತಿದ್ದಳು. ಹೊತ್ತು ಮುಳುಗುತ್ತಿತ್ತು.

"ಇಷ್ಟ ಹೇಳಿದ್ರ ನಿಮಗ ತಿಳೀಬೇಕಲ್ರಿ," ಎಂದರು ಆಕೆ. "ಹೊತ್ತ ಮುಳುಗಿದ ಮ್ಯಾಲ ಗಂಡ ಬಂದ್ರೂ ಆಕಿ ಉಣ್ಣಾಂಗಿಲ್ಲ, ಬರದಿದ್ರೂ ಉಣ್ಣಾಂಗಿಲ್ಲ. ನಮ್ಮ ಮಂದ್ಯಾಗ ಒಬ್ಬಾಕಿ ಉಣ್ಣದ ದೀಪಾ ಹಚ್ಚಿ ಕುಂತಾಳಂದ್ರ, ಆಕಿ ಮುಂಜಾನಿ ತನಕ ಉಪಾಸ ಅಂತನ ಅರ್ಥ. ಎರಡ ತಾಟು ಅಂತ ಬರದಾರ. ಎರಡನೇ ತಾಟು ಯಾರಿಗೆ?"

ಖಾನಾವಳಿಯಲ್ಲಿ ನಾವೆಲ್ಲ ಆ ಎರಡನೆಯ ತಾಟನ್ನು ನೆನೆದೇ ಪದ್ಯ ಮೆಚ್ಚಿದ್ದೆವು.

"ಆ ಅಕ್ಕ ಕಡೀಗಾಲಕ್ಕ ನಮ್ಮ ಮನ್ಯಾಗ ಇದ್ದಳು," ಆಕೆ ಮುಂದುವರಿಸಿದರು. "ಸಾಯೂ ಮುಂದ ನನ್ನ ಕೈ ಹಿಡದು ಅಂದಳು, 'ನಾ ಕಾದಂಗ ನೀ ಕಾಯಬ್ಯಾಡವಾ. ಹೊತ್ತಿಗೆ ಉಣ್ಣು.' ನಾ ಆಕಿ ಮಾತ ನಡಸೀನಿ. ಆಕಿ ಹೋಗಿ ವರ್ಷ ತುಂಬೂದ್ರಾಗ ಇವರು ಆಕಿನ್ನ ಮತ್ತ ಹೊಸ್ತಿಲಾಗ ಕುಂಡ್ರಿಸಿದ್ರು. ಮ್ಯಾಲ ನನ್ನ ಮುಖಾ ಹಚ್ಚಿ, 'ಮನೆಯವಳಿಗೆ' ಅಂತ ಪುಸ್ತಕದಾಗ ಹಾಕಿದ್ರು."

"ಸರಗ ಹೇಳಿದ್ರೇನು ಇದನ್ನ?"

"ಹೇಳೀನಿ. ಹೋಗೂ ಮುಂದ ಎಲ್ಲಾ ಹೇಳೇ ಹೋಗೀನಿ. ಅವರು, 'ಪದ್ಯಾ ನಿನಗ ತಿಳಿಯೂದಿಲ್ಲ' ಅಂದ್ರು."

ಎದ್ದು ಹೊರಡುವಾಗ ಆಕೆ ಒಂದು ಮಾತು ಕಳಿಸಿದರು. ಅಥಣಿಗೆ ಬರುತ್ತೇನೆ, ಬಾಜೂಕ ಕೂಡುತ್ತೇನೆ. ಆ ಒಂದು ಪದ್ಯ ಓದಬಾರದು. ಓದದಿದ್ದರೆ ಅಲ್ಲಿಂದ ಸೀದಾ ರಾಯಬಾಗದ ಮನೆಗೆ ಬರುತ್ತೇನೆ. "ಇನ್ನೊಂದು," ಎಂದರು, "ಇದನ್ನ ಈಗ ಪೇಪರಿನ್ಯಾಗ ಬರೀಬ್ಯಾಡ್ರಿ. ನಾವಿಬ್ರೂ ಹೋದ ಮ್ಯಾಲ ಬೇಕಾದ್ರ ಬರೀರಿ. ಹೆಸರ ಹಾಕಬ್ಯಾಡ್ರಿ."

ಆ ಭಾನುವಾರ ಅಚ್ಚಾದ ನನ್ನ ಲೇಖನದಲ್ಲಿ ಆಕೆಯ ಒಂದು ಮಾತೂ ಇರಲಿಲ್ಲ.

ಕವಿಗೆ ಶರತ್ತು ತಿಳಿಸಿದೆ. ಕೈ ಬೆರಳು ನೋಡುತ್ತ ಕೇಳಿದರು. "ಆಗಲಿ. ಓದೂದಿಲ್ಲ ಅಂತ ಹೇಳಿ ಕಳಸ್ರಿ," ಎಂದರು.

ಅಥಣಿಯ ಕಾರ್ಯಕ್ರಮ ಒಂದು ಸಾಲೆಯ ಸಭಾಂಗಣದಲ್ಲಿ, ಮಧ್ಯಾಹ್ನಕ್ಕೆ ಇತ್ತು. ಮುಖ್ಯ ಅತಿಥಿಯ ಕಾರು ದಾರಿಯಲ್ಲಿ ಕೆಟ್ಟಿತೆಂದು ಶುರುವಾಗುವುದೇ ಸಂಜೆಯಾಯಿತು. ಚಳಿಗಾಲದ ದಿನ, ಹೊತ್ತು ಬೇಗ ಇಳಿಯುತ್ತಿತ್ತು. ಆಕೆ ಹಸಿರು ಇಳಕಲ್ ಸೀರೆ ಉಟ್ಟು ಗಂಡನ ಪಕ್ಕದಲ್ಲಿ ಕೂತಿದ್ದರು. ಇಬ್ಬರೂ ಏನೋ ಒಂದೆರಡು ಮಾತು ಆಡಿಕೊಂಡದ್ದನ್ನು ನಾನು ಕೆಳಗಿನಿಂದ ಕಂಡೆ. ಕವಿಯ ಮುಖ ಅವತ್ತು ಹಗುರಾಗಿತ್ತು. ಶಾಲು ಹೊದಿಸಿದರು, ಹಾರ ಹಾಕಿದರು. ಅತಿಥಿ ಮಾತಾಡಲು ನಿಂತವರು ಬೇಗ ಕೂರಲಿಲ್ಲ. ಹೆಣ್ಣಿನ ಸಹನೆಯನ್ನು ಈ ಸೀಮೆಯ ಕವಿ ಹೇಗೆ ಕಂಡಿದ್ದಾರೆ ಎಂದು ಉದ್ದಕ್ಕೆ ಹೇಳಿದರು. ಪಡುವಣ ಕಿಟಕಿಯ ಬೆಳಕು ವೇದಿಕೆಯ ಮೇಲೆ ಹಳದಿಯಾಗಿ ಬಿದ್ದಿತ್ತು. ಆಕೆ ಅದನ್ನು ಎರಡು ಮೂರು ಸಲ ನೋಡಿದರು. ಭಾಷಣ ಮುಗಿದ ಕೂಡಲೇ ಎದ್ದು, ಗಂಡನಿಗೆ ಏನೋ ಹೇಳಿ, ಮೆಟ್ಟಿಲು ಇಳಿದು ಪಕ್ಕದ ಬಾಗಿಲಿನಿಂದ ಹೊರಗೆ ಹೋದರು.

ನಿರೂಪಕ ಮೈಕಿನ ಮುಂದೆ ಇದ್ದ. "ವೈನಿಯವರು ನಾಚಿಕೊಂಡ್ರು ನೋಡ್ರಿ!" ಎಂದ. ಜನ ನಕ್ಕರು. "ಹೊತ್ತ ಮುಳುಗಾಕ ಬಂತಲ್ರಿ, ಮನಿಗೆ ಹೋಗಿ ದೀಪಾ ಹಚ್ಚಬೇಕು!" ಚಪ್ಪಾಳೆ ಜೋರಾಯಿತು. ಹಿಂದಿನಿಂದ ಯಾರೋ "ದೀಪದ ಪದ್ಯ!" ಎಂದು ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಅಲ್ಲಿಯೂ ಹೆಚ್ಚಿನವರು ಗಂಡಸರೇ.

ನಾನು ಹೊರಗೆ ಹೋದೆ. ಚಿತ್ರಕಲೆಯ ಮಾಸ್ತರರ ಕೋಣೆಯಲ್ಲಿ, ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಆಕೆ ಡಬ್ಬಿ ಬಿಚ್ಚಿಕೊಂಡು ಉಣ್ಣುತ್ತಿದ್ದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಅಣ್ಣ ಆಗಲೇ ಉಂಡು ಕೈ ತೊಳೆದು ನಿಂತಿದ್ದ. ಇನ್ನೊಂದು ಸಣ್ಣ ಡಬ್ಬಿ ಮುಚ್ಚಿದ ಹಾಗೇ ಪಕ್ಕದಲ್ಲಿತ್ತು.

"ಅದು ಅವರ ಪಾಲಿಂದು," ಎಂದ ಅಣ್ಣ. "ಇಬ್ರೂ ಕೂಡಿ ಉಣ್ಣೂಣು, ಬರ್ರಿ ಅಂತ ಕರದ ಬಂದಾಳ."

ಸಭಾಂಗಣದ ಲೌಡ್‌ಸ್ಪೀಕರ್ ಕೋಣೆಯ ಹೊರಗಿನ ಕಂಬಕ್ಕೇ ಕಟ್ಟಿತ್ತು. ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಆ ಮೆಲುದನಿ, ದೀಪದ ಪದ್ಯದ ಮೊದಲ ಸಾಲು.

ಆಕೆಯ ಕೈ ನಿಂತಿತು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಗೆ ಒರಗಿಸಿದ್ದ ಮಕ್ಕಳ ಚಿತ್ರಗಳನ್ನು ನೋಡಿದೆ. ಪದ್ಯ ಅರ್ಧಕ್ಕೆ ಬಂದಾಗ ಆಕೆ ಮತ್ತೆ ರೊಟ್ಟಿ ಮುರಿದರು. ಪೂರ್ತಿ ಉಂಡರು, ಅವಸರವಿಲ್ಲದೆ. ನಲ್ಲಿಯಲ್ಲಿ ಕೈ ತೊಳೆದು ಬಂದರು. ಒಳಗೆ ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

"ನಾ ಎದ್ದ ಬರೂದನ್ನ ಕಾದ್ರು ನೋಡ್ರಿ," ಎಂದರು. "ನಾಳಿಗೆ ಕೇಳ್ರಿ ಬೇಕಾದ್ರ. 'ಆಕಿ ಮುಂದ ಓದಲಿಲ್ಲಲ್ಲ' ಅಂತಾರ."

ಮುಚ್ಚಿದ ಡಬ್ಬಿಯನ್ನು ಬೆಂಚಿನ ಮೇಲೆ ಬಿಟ್ಟು ಅಣ್ಣನ ಜೊತೆ ಉಗಾರದ ಬಸ್ಸಿಗೆ ಹೋದರು. ಕವಿ ಹಾರದ ಸಮೇತ ಹೊರಗೆ ಬರುವ ಹೊತ್ತಿಗೆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಡಬ್ಬಿ ನೋಡಿದರು. ನನ್ನನ್ನು ನೋಡಿದರು. "ಜನ ಬಿಡಲಿಲ್ಲರಿ," ಎಂದರು. ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದೆವು. ಅಲ್ಲಿ ತಲುಪುವ ಮೊದಲು ಅವರು ಹೇಳಿದರು: "ಆಕಿ ಮುಂದ ಅಂತೂ ಓದಲಿಲ್ಲ."

ಆಕೆ ರಾಯಬಾಗದ ಮನೆಗೆ ಬರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನನಗೆ ಬೆಳಗಾವಿಯ ಕಚೇರಿಗೆ ವರ್ಗವಾಯಿತು. ಊರೂರು ತಿರುಗುವ ಕೆಲಸ ನಿಂತು, ಬೇರೆಯವರು ಕಳಿಸಿದ ಸುದ್ದಿ ತಿದ್ದುವ ಕೆಲಸ ಬಂತು. ಕೋಣೆ ಬದಲಾಯಿತು, ಖಾನಾವಳಿ ಬದಲಾಯಿತು. ಕವಿಯ ಮೂರನೆಯ ಸಂಕಲನ ವಿಮರ್ಶೆಗೆಂದು ಕಚೇರಿಗೆ ಬಂದಾಗ ನಾನೇ ತೆಗೆದುಕೊಂಡು ಓದಿದೆ. ಹೆಂಗಸರು ಪೂರಾ ಬದಲಾಗಿದ್ದರು. ಈಗ ಅವರು ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು, ಬೆನ್ನು ತೋರಿಸುತ್ತಿದ್ದರು, ದೀಪ ಆರಿಸುತ್ತಿದ್ದರು. ಕವಿ ಹೆಣ್ಣಿನ ಹೊಸ ದನಿಯನ್ನು ಹಿಡಿದಿದ್ದಾರೆಂದು ಪತ್ರಿಕೆಗಳಲ್ಲಿ ಹೊಗಳಿಕೆ ಬಂತು. ನಾನು ಹಳೆಯ ಚಟದಂತೆ ಗುರುತು ಹಾಕುತ್ತ ಹೋದೆ. ಹೋಗುವವಳು ಕೂಡ ಒಂದು ಮಾತು ಆಡದೆ ಹೋಗುತ್ತಿದ್ದಳು. ಮುಂಚೆ ಅವರ ಬಾಳಲ್ಲಿ ಕಾದು ಕೂತ ಹೆಂಗಸೊಬ್ಬಳಿದ್ದಳು. ಈಗ ಎದ್ದುಹೋದ ಹೆಂಗಸೊಬ್ಬಳಿದ್ದಳು. ಪದ್ಯ ಅಷ್ಟರ ಮಟ್ಟಿಗೆ ನಿಜವಾಗಿತ್ತು.

ಸ್ವಲ್ಪ ಕಾಲದ ಮೇಲೆ ಚಿಂಚಲಿಗೆ ಒಂದು ಮದುವೆಗೆ ಹೋದವನು ಬರುವಾಗ ರಾಯಬಾಗದಲ್ಲಿ ಇಳಿದೆ. ಕವಿ ನಿವೃತ್ತರಾಗಿದ್ದರು. ಮನೆ ಚೊಕ್ಕಟವಾಗಿತ್ತು. ಒಬ್ಬರೇ ಇದ್ದುದರಿಂದ ಕದಡಲು ಯಾರೂ ಇರಲಿಲ್ಲ. ಸ್ಟೋವಿನ ಮೇಲೆ ತಾವೇ ಚಹಾ ಮಾಡಿದರು.

"ಉಗಾರಕ್ಕ ಹೋಗಿದ್ದೆ," ಎಂದರು, ನಾನು ಕೇಳುವ ಮೊದಲೇ. "ಹೊಸಾ ಪುಸ್ತಕ ಒಯ್ದು ಕೊಟ್ಟೆ. ಈ ಸಲ ನಿನ್ನ ಬಗ್ಗೆನ ಬರದೀನಿ, ಯಾರ ಮುಖಾನೂ ಹಚ್ಚಿಲ್ಲ ಅಂದೆ."

"ಏನಂದ್ರು?"

"ಅಲ್ಲೇ ಕುಂತ ಓದಿದಳು. ಎಲ್ಲಾ ಓದಿದಳರಿ, ಒಂದೂ ಬಿಡಲಿಲ್ಲ. ಅವರಣ್ಣ ಕಬ್ಬಿಂದು, ಫ್ಯಾಕ್ಟರಿದು ಮಾತಾಡಕೋತ ಕುಂತಿದ್ದ. ಮುಗಿಸಿ ಕೇಳಿದಳು, 'ಇದರಾಗ ನಾ ಮಾತ ಆಡದ ಹೊಂಟೀನಲ್ಲ?' ನಾ ಅಂದೆ, 'ಹೌದು, ಅದ ಅದರ ಚೆಂದ.' ಆಕಿ ಅಂದಳು, 'ನಾ ಮಾತಾಡಿ ಹೊಂಟಿದ್ದೆ. ನಮ್ಮ ಹೊಸ್ತಿಲಾಗ ನಿಂತು ಕಡೀಕ ಏನ್ ಅಂದೆ, ಹೇಳ್ರಿ.'"

ಅವರು ಚಹಾ ಬಸಿಗೆ ಬಗ್ಗಿಸಿಕೊಂಡರು.

"ನೆನಪ ಆಗಲಿಲ್ಲರಿ. ಪದ್ಯದ ಜಗಳ ನೆನಪೈತಿ. ಅಕ್ಕನ ಮಾತ ನೆನಪೈತಿ. ಆಕಿ ಚೀಲಾ ತುಗೊಂಡು ಹೊಸ್ತಿಲಾ ದಾಟಿದ್ದು, ಸೀರಿ ಬಣ್ಣ, ಕಾಲುಂಗರ, ಎಲ್ಲಾ ಕಣ್ಣ ಮುಂದ ಐತಿ. ಹೊಸ್ತಿಲಾಗ ನಿಂತು ಅಂದದ್ದಷ್ಟ ಇಲ್ಲ. ನೀನ ಹೇಳು ಅಂದೆ. 'ನಾ ಒಮ್ಮೆ ಹೇಳೀನಿ. ನೆನಪಾದಾಗ ಬರ್ರಿ, ಕೂಡೇ ರಾಯಬಾಗಕ್ಕ ಹೋಗೂಣು' ಅಂದಳು. ಚಾಷ್ಟಿ ಮಾಡಲಿಲ್ಲ. ಖರೇನ ಅಂದಳು."

"ಯಾವಾಗಿನ ಮಾತು ಇದು?"

"ಆತು, ಹೋದ ಮಳೀಗಾಲದಾಗ." ಹೊರಗೆ ಆಗ ಬಿಸಿಲು ಏರುವ ಕಾಲ. "ನಿಮಗ ಹೇಳಿದ್ದಳೇನು? ಆವತ್ತ ನೀವು ಉಗಾರಕ್ಕ ಹೋದಾಗ?"

"ಎಲ್ಲಾ ಹೇಳೇ ಬಂದೀನಿ ಅಂದ್ರು ಅಷ್ಟ. ಕಡೀ ಮಾತು ಏನು ಅಂತ ಹೇಳಲಿಲ್ಲ ಸರ."

"ಕೇಳಬೇಕಿತ್ತು ನೀವು. ಪೇಪರಿನವ್ರು ಎಲ್ಲಾ ಕೇಳತೀರಿ."

ಸ್ವಲ್ಪ ಹೊತ್ತು ಬಸಿಯ ಅಂಚಿನ ಮೇಲೆ ಬೆರಳು ಆಡಿಸಿದರು. ಆಮೇಲೆ ನನಗೆ ಹೇಳಿದಂತೆ, ತಮಗೇ ಹೇಳಿಕೊಂಡಂತೆ ಅಂದರು: "'ಈ ಮನ್ಯಾಗ ನನ್ನ ನೆರಳಷ್ಟ ಇತ್ತು' ಅಂದಳೇನೋ." ತಲೆ ಅಲ್ಲಾಡಿಸಿದರು. "ಅಲ್ಲ. ಅದು ನಂದ ಸಾಲು. ಎರಡನೇ ಪುಸ್ತಕದಾಗ ಐತಿ."

"ಸಾವಕಾಶ ನೆನಸ್ರಿ."

"'ಹೊಸ್ತಿಲ ನಿಮಗ, ಹಾದಿ ನನಗ'... ಛೆ, ಅದೂ ನಂದ. ಹೊಸಾದರಾಗ ಐತಿ." ಬಸಿ ಕೆಳಗಿಟ್ಟರು. "ಆಕಿ ಹಂಗೆಲ್ಲ ಮಾತಾಡೂದ ಇಲ್ಲರಿ. ಸಾದಾ ಮಾತಾಡತಾಳ, ನಿಮ್ಮಂಗ ನನ್ನಂಗ."

"ಸಾದಾ ಅಂದ್ರ ಹೆಂಗ? ಒಂದ ಮಾತ ಹೇಳ್ರಿ ನೋಡೋಣ, ಆ ಹನ್ನೆರಡ ವರ್ಷದಾಗ ಈ ಮನ್ಯಾಗ ಆಕಿ ಅಂದದ್ದು ಯಾವದಾದ್ರೂ."

ಅವರು ಬಾಯಿ ತೆರೆದರು. ನಾನು ಕಾದೆ. ಓಣಿಯಲ್ಲಿ ಯಾರದೋ ಸೈಕಲ್ಲು ಹೋಯಿತು. ಅವರ ತುಟಿ ಒಂದೆರಡು ಸಲ ಅಲುಗಿ ನಿಂತಿತು.

"ಬರವಲ್ದು ನೋಡ್ರಿ," ಎಂದರು.